ಹಳೆಯ ಗಣಕಯಂತ್ರಕ್ಕೆ ಲಿನಕ್ಸ್: ವರ್ತಕರಿಗೊಂದು ಪರಿಚಯ

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಸಂಸ್ಥೆಯು ನೀಡುತ್ತಿದ್ದ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ರಂದು ಕೊನೆಗೊಂಡಿತು. ಹಳೆಯ ಗಣಕಯಂತ್ರಗಳಲ್ಲಿ ಅನೇಕವು ವಿಂಡೋಸ್ 11ರ ಅಳವಡಿಕೆಗೆ ಅರ್ಹವಲ್ಲ. ಸುಸ್ಥಿತಿಯಲ್ಲಿರುವ ಇಂತಹ ಯಂತ್ರವನ್ನು ಗುಜರಿಗೆ ಹಾಕುವ ಮುನ್ನ, ಉಚಿತವಾಗಿ ದೊರೆಯುವ ಲಿನಕ್ಸ್ ಅನ್ನು ಪರಿಶೀಲಿಸುವುದು ಲಾಭದಾಯಕ. ಹೊಸಬರಿಗೆ ಸುಲಭವಾದ ಲಿನಕ್ಸ್ ಮಿಂಟ್‌ಗೆ ಕನಿಷ್ಠ 2 ಜಿಬಿ ಮೆಮೊರಿ ಸಾಕು. 4 ಜಿಬಿ ಇದ್ದರೆ ಉತ್ತಮ.

ಪರದೆಯ ಭಾಗಗಳು

ಮಿಂಟ್‌ನ ಸಿನಮನ್ ಆವೃತ್ತಿಯಲ್ಲಿ ಪರದೆಯ ಕೆಳಗಿನ ಪಟ್ಟಿಗೆ ‘ಪ್ಯಾನೆಲ್’ ಎಂದು ಹೆಸರು. ಅದರ ಎಡತುದಿಯ ‘ಮೆನು’ವಿನಲ್ಲಿ ಎಲ್ಲ ತಂತ್ರಾಂಶಗಳೂ ವಿಭಾಗವಾರು ದೊರೆಯುತ್ತವೆ. ಬಲತುದಿಯಲ್ಲಿ ಗಡಿಯಾರ, ಅಂತರ್ಜಾಲ ಸಂಪರ್ಕ ಮತ್ತು ಧ್ವನಿಯ ಚಿಹ್ನೆಗಳಿರುತ್ತವೆ. ‘ವರ್ಕ್‌ಸ್ಪೇಸ್’ ಎಂಬ ಸೌಲಭ್ಯದಿಂದ ಒಂದೇ ಪರದೆಯನ್ನು ಹಲವು ಮೇಜುಗಳಂತೆ ಬಳಸಬಹುದು: ಒಂದರಲ್ಲಿ ದಾಸ್ತಾನು ಪಟ್ಟಿ, ಇನ್ನೊಂದರಲ್ಲಿ ಪತ್ರವ್ಯವಹಾರ. ಕಂಟ್ರೋಲ್, ಆಲ್ಟ್ ಕೀಲಿಗಳೊಡನೆ ಎಡ ಅಥವಾ ಬಲ ಬಾಣದ ಕೀಲಿ ಒತ್ತಿದರೆ ಮೇಜು ಬದಲಾಗುತ್ತದೆ.

ಕಡತಗಳ ವ್ಯವಸ್ಥೆ

ಹೊಸಬರು ತಡವರಿಸುವುದು ಇಲ್ಲಿಯೇ. ಲಿನಕ್ಸ್‌ನಲ್ಲಿ ಸಿ, ಡಿ ಎಂಬ ಡ್ರೈವ್‌ಗಳಿಲ್ಲ. ಎಲ್ಲ ಕಡತಗಳೂ ಒಂದೇ ಮೂಲದಿಂದ ಕವಲೊಡೆಯುತ್ತವೆ. ಪ್ರತಿ ಬಳಕೆದಾರನಿಗೂ ‘ಹೋಮ್’ ಎಂಬ ಸ್ವಂತ ಕೋಶವಿರುತ್ತದೆ. ಆದ್ದರಿಂದ ಗುಮಾಸ್ತರಿಗೂ ಮಾಲೀಕರಿಗೂ ಪ್ರತ್ಯೇಕ ಖಾತೆ ತೆರೆಯುವುದು ಲೇಸು. ಕಡತದ ಹೆಸರಿನಲ್ಲಿ ಇಂಗ್ಲಿಷಿನ ದೊಡ್ಡಕ್ಷರ, ಚಿಕ್ಕಕ್ಷರಗಳು ಬೇರೆಬೇರೆಯೆಂದು ಗಣನೆಯಾಗುವುದರಿಂದ ಒಂದೇ ಬಿಲ್ಲಿಗೆ ಎರಡು ಕಡತಗಳಾಗದಂತೆ ಎಚ್ಚರ ವಹಿಸಬೇಕು. ಪೆನ್‌ಡ್ರೈವ್ ತೆಗೆಯುವ ಮುನ್ನ ಕಡತ ಕಿಟಕಿಯ ಎಡಭಾಗದಲ್ಲಿ ಅದರ ಹೆಸರಿನ ಪಕ್ಕದ ಚಿಹ್ನೆಯನ್ನು ಒತ್ತಿ ಬಿಡುಗಡೆಗೊಳಿಸಬೇಕು. ಇಲ್ಲವಾದರೆ ನಕಲು ಅಪೂರ್ಣವಾಗಬಹುದು.

ಮೊದಲು ಪರೀಕ್ಷೆ, ಅನಂತರ ಬದಲಾವಣೆ

ಪತ್ರ, ಕೋಷ್ಟಕಗಳಿಗೆ ಲಿಬ್ರೆಆಫೀಸ್, ಅಂತರ್ಜಾಲಕ್ಕೆ ಫೈರ್‌ಫಾಕ್ಸ್ ಮಿಂಟ್‌ನೊಡನೆಯೇ ಬರುತ್ತವೆ. ಎಕ್ಸೆಲ್ ಕಡತಗಳು ತೆರೆದರೂ ಅವುಗಳ ಮ್ಯಾಕ್ರೋಗಳು ಯಥಾವತ್ತಾಗಿ ನಡೆಯುವ ಖಾತರಿಯಿಲ್ಲ. ಟ್ಯಾಲಿಯಂತಹ ಲೆಕ್ಕಪತ್ರ ತಂತ್ರಾಂಶವು ವಿಂಡೋಸ್‌ಗಾಗಿ ರಚಿತವಾದುದು. ಮುದ್ರಕ, ಬಾರ್‌ಕೋಡ್ ಯಂತ್ರ ಮತ್ತು ಡಿಜಿಟಲ್ ಸಹಿಯ ಟೋಕನ್‌ಗಳನ್ನೂ ಪರೀಕ್ಷಿಸಿಯೇ ನಂಬಬೇಕು.

ಇದಕ್ಕೆ ಸುಲಭ ಮಾರ್ಗವಿದೆ. ಪೆನ್‌ಡ್ರೈವ್‌ನಿಂದಲೇ ಮಿಂಟ್ ಅನ್ನು ಚಾಲನೆಗೊಳಿಸಿ, ಹಾರ್ಡ್‌ಡಿಸ್ಕ್‌ನಲ್ಲಿ ಅಳವಡಿಸದೆ ನೋಡಬಹುದು. ಲೆಕ್ಕಪತ್ರದ ಯಂತ್ರವನ್ನು ಹಾಗೆಯೇ ಇರಿಸಿಕೊಂಡು, ಪತ್ರವ್ಯವಹಾರಕ್ಕೆ ಬಳಸುವ ಒಂದು ಯಂತ್ರದಿಂದ ಆರಂಭಿಸಿರಿ. ಅಳವಡಿಸುವ ಮುನ್ನ ಎಲ್ಲ ದಾಖಲೆಗಳ ಪ್ರತಿಯನ್ನು ಬೇರೆಡೆ ಉಳಿಸಿಕೊಳ್ಳುವುದನ್ನು ಮರೆಯಬಾರದು. ಯಂತ್ರದ ಬೆಲೆ ಉಳಿಸಹೊರಟು ವರ್ಷಗಳ ಲೆಕ್ಕವನ್ನೇ ಕಳೆದುಕೊಂಡರೆ ಅದು ವ್ಯಾಪಾರವೆನಿಸದು.