ಹಿಂಡಿನೊಳಗೆ ಹೊಸ ಪ್ರಾಣಿ

ದಾವಣಗೆರೆ ಜಿಲ್ಲೆಯ ನ್ಯಾಮತಿ ತಾಲ್ಲೂಕಿಗೆ ಸೇರಿದ ಸೂರಗೊಂಡನಕೊಪ್ಪವು ಸಂತ ಸೇವಾಲಾಲರ ಜನ್ಮಸ್ಥಳವೆಂದು ಬಂಜಾರ ಜನರು ಭಕ್ತಿಯಿಂದ ಕಾಣುವ ಕ್ಷೇತ್ರ. ಅವರು 1739ನೆಯ ಇಸವಿ ಫೆಬ್ರವರಿ 15ರಂದು ಜನಿಸಿದರೆಂಬುದು ಸಂಪ್ರದಾಯ. ಸೇವಾಲಾಲರು ದನಗಳನ್ನು ಕಾಯುತ್ತಿದ್ದವರೆಂದು ಅವರ ಕಥೆಗಳು ಹೇಳುವುವು. ಇದು ಸಹಜವೇ. ರೈಲು ಬರುವುದಕ್ಕೆ ಮುಂಚೆ ನಮ್ಮ ದೇಶದಲ್ಲಿ ಧಾನ್ಯವನ್ನೂ ಉಪ್ಪನ್ನೂ ದೂರದೂರಕ್ಕೆ ಸಾಗಿಸುತ್ತಿದ್ದವರು ಬಂಜಾರರು. ಅವರ ಬಂಡವಾಳವೆಲ್ಲ ಹೇರೆತ್ತುಗಳ ದೊಡ್ಡ ದೊಡ್ಡ ಹಿಂಡುಗಳು. ಇಂದು ಆ ಸಾಗಾಣಿಕೆ ನಿಂತುಹೋಗಿದೆ. ಆದರೆ ತಾಂಡಗಳಲ್ಲಿಯೂ ಸುತ್ತಣ ಹಳ್ಳಿಗಳಲ್ಲಿಯೂ ದನ, ಎಮ್ಮೆ, ಆಡು, ಕುರಿಗಳ ಸಾಕಣೆ ಇನ್ನೂ ಜೀವನೋಪಾಯವಾಗಿಯೇ ಇದೆ.

ಇಂತಹ ಊರುಗಳಲ್ಲಿ ಯಾರಾದರೂ ಸಂತೆಯಿಂದ ಒಂದು ಹೊಸ ಹಸುವನ್ನು ಕೊಂಡುತಂದು ಕೊಟ್ಟಿಗೆಗೆ ಬಿಟ್ಟರೆ ಏನಾಗುವುದೆಂಬುದು ಎಲ್ಲರಿಗೂ ಗೊತ್ತು. ಅದುವರೆಗೆ ಶಾಂತವಾಗಿದ್ದ ದನಗಳು ತಲೆ ತಗ್ಗಿಸಿ ಹಾಯಲು ಬರುವುವು. ಹೊಸ ಹಸುವನ್ನು ಗೋದಲಿಯಿಂದ ಅಟ್ಟುವುವು. ಕೆಲವು ದಿನಗಳಾದ ಮೇಲೆ ಎಲ್ಲವೂ ತಾನಾಗಿಯೇ ತಣ್ಣಗಾಗುವುದು. ಈ ಕಲಹವೇಕೆ? ಅದು ತಣ್ಣಗಾಗುವುದೇಕೆ? ಹೊಸ ಪ್ರಾಣಿಯನ್ನು ಹಿಂಡಿಗೆ ಸೇರಿಸುವ ಸರಿಯಾದ ಕ್ರಮ ಯಾವುದು? ಈ ಪ್ರಶ್ನೆಗಳನ್ನು ನಾವು ಇಲ್ಲಿ ವಿಚಾರ ಮಾಡೋಣ.

ಈ ವಿಷಯದಲ್ಲಿ ವಿಜ್ಞಾನಕ್ಕೆ ಮೊದಲ ಬೆಳಕು ದೊರೆತುದು ಕೋಳಿಗಳಿಂದ. ನಾರ್ವೆ ದೇಶದ ಥಾರ್ಲೀಫ್ ಷೆಲ್ಡರುಪ್-ಎಬ್ಬೆ ಎಂಬುವರು ಚಿಕ್ಕಂದಿನಿಂದಲೂ ಕೋಳಿಗಳ ನಡವಳಿಕೆಯನ್ನು ಗಮನವಿಟ್ಟು ನೋಡಿದವರು. ತಾವು ಕಂಡುದನ್ನು ಅವರು 1922ರಲ್ಲಿ ಪ್ರಕಟಿಸಿದರು. ಒಂದು ಗುಂಪಿನಲ್ಲಿರುವ ಯಾವ ಎರಡು ಕೋಳಿಗಳನ್ನು ತೆಗೆದುಕೊಂಡರೂ ಒಂದು ಕುಕ್ಕುವುದು, ಇನ್ನೊಂದು ಸರಿದುಕೊಳ್ಳುವುದು. ಈ ಸಂಬಂಧ ಒಮ್ಮೆ ನಿಶ್ಚಯವಾದರೆ ಸುಲಭವಾಗಿ ಬದಲಾಗದು. ಇದಕ್ಕೆ ‘ಕುಕ್ಕುವ ಕ್ರಮ’ ಎಂಬ ಹೆಸರು ಬಂದಿತು. ಇಂತಹ ಮೇಲು ಕೀಳುಗಳ ಏರ್ಪಾಡು ದನ, ಕುದುರೆ, ಆಡು, ಗಿನಿ ಹಂದಿ ಮೊದಲಾದ ಅನೇಕ ಪ್ರಾಣಿಗಳಲ್ಲಿ ಇರುವುದು ಅನಂತರದ ಸಂಶೋಧನೆಗಳಿಂದ ತಿಳಿದುಬಂದಿದೆ.

ಈ ಏರ್ಪಾಡು ಜಗಳವನ್ನು ಹೆಚ್ಚಿಸುವುದಕ್ಕಾಗಿ ಇರುವುದಲ್ಲ, ಕಡಿಮೆ ಮಾಡುವುದಕ್ಕಾಗಿ ಇರುವುದು. ತನಗಿಂತ ಬಲವಾದುದು ಯಾವುದೆಂಬುದು ಪ್ರತಿಯೊಂದು ಹಸುವಿಗೂ ಗೊತ್ತಿದ್ದರೆ ಹುಲ್ಲಿಗಾಗಿ ದಿನವೂ ಹೋರಾಡಬೇಕಾಗಿಲ್ಲ. ಕೊಂಬನ್ನು ಸ್ವಲ್ಪ ಆಡಿಸಿದರೆ ಸಾಕು, ಇನ್ನೊಂದು ದಾರಿ ಬಿಡುವುದು. ಹೀಗಾಗಬೇಕಾದರೆ ಹಸುಗಳು ಒಂದನ್ನೊಂದು ಗುರುತಿಸಬೇಕು. ಅವು ನೋಟದಿಂದಲೂ ವಾಸನೆಯಿಂದಲೂ ತಮ್ಮ ಜೊತೆಯವನ್ನು ಬೇರೆಬೇರೆಯಾಗಿ ಗುರುತಿಸಬಲ್ಲುವು. ವಯಸ್ಸು, ತೂಕ, ಕೊಂಬು, ಹಿಂಡಿನಲ್ಲಿ ಕಳೆದ ಕಾಲ ಇವೆಲ್ಲವೂ ಹಸುವಿನ ಸ್ಥಾನವನ್ನು ನಿರ್ಧರಿಸಲು ನೆರವಾಗುವುವು. ಇಲ್ಲಿ ಒಂದು ಎಚ್ಚರಿಕೆಯನ್ನು ಹೇಳಬೇಕು. ಬಂಜಾರರು ತಮ್ಮ ಹಿಂಡಿನ ಮುಂದೆ ನಡೆಯುವ ಎತ್ತಿಗೆ ಗಂಟೆ ಕವಡೆಗಳನ್ನು ಕಟ್ಟಿ ಸಿಂಗರಿಸುತ್ತಿದ್ದರು. ಮೇಯಲು ಹೋಗುವಾಗ ಮುಂದೆ ನಡೆಯುವ ದನವೇ ಜಗಳದಲ್ಲಿಯೂ ಮೇಲುಗೈಯಾಗಿರುವುದೆಂದು ಭಾವಿಸಬಾರದು. ಇವೆರಡೂ ಬೇರೆಬೇರೆ ಗುಣಗಳು.

ಹೊಸ ಪ್ರಾಣಿ ಬಂದಾಗ ಆಗುವುದನ್ನು ಒಂದು ಸಣ್ಣ ಲೆಕ್ಕದಿಂದ ತಿಳಿಯಬಹುದು. ಹತ್ತು ಹಸುಗಳಿರುವ ಹಿಂಡಿನಲ್ಲಿ ಎರಡೆರಡರಂತೆ ಜೋಡಿಗಳನ್ನು ಎಣಿಸಿದರೆ 45 ಜೋಡಿಗಳಾಗುವುವು. ಅಷ್ಟು ಸಂಬಂಧಗಳೂ ಆಗಲೇ ತೀರ್ಮಾನವಾಗಿವೆ. ಹನ್ನೊಂದನೆಯ ಹಸು ಬಂದರೆ ಜೋಡಿಗಳು 55 ಆಗುವುವು. ಅಂದರೆ ಹತ್ತು ಹೊಸ ಸಂಬಂಧಗಳು ತೀರ್ಮಾನವಾಗಬೇಕು. ಹಳೆಯ ಹಸುಗಳಲ್ಲಿ ಒಂದೊಂದಕ್ಕೂ ಇರುವ ಹೊಸ ವ್ಯವಹಾರ ಒಂದೇ. ಹೊಸ ಹಸುವಿಗಾದರೋ ಹತ್ತು! ಕಲಹದ ಭಾರವೆಲ್ಲ ಅದರ ಮೇಲೆಯೇ ಬೀಳುವುದೇಕೆಂಬುದು ಇದರಿಂದ ಸ್ಪಷ್ಟವಾಗುವುದು. ಆ ದಿನಗಳಲ್ಲಿ ಅದು ಕಡಿಮೆ ತಿನ್ನುವುದು, ಕಡಿಮೆ ಮಲಗುವುದು. ಹಾಲೂ ಸ್ವಲ್ಪ ಇಳಿಯಬಹುದು. ಸಾಮಾನ್ಯವಾಗಿ ಕೆಲವು ದಿನಗಳಿಂದ ಒಂದು ವಾರದೊಳಗೆ ಸಂಬಂಧಗಳು ನೆಲೆಗೊಂಡು ಕೊಟ್ಟಿಗೆ ಮತ್ತೆ ಶಾಂತವಾಗುವುದು.

ಇದೇ ಸಂಗತಿಯನ್ನು ಚಿಕ್ಕ ಪ್ರಮಾಣದಲ್ಲಿ ನೋಡಬೇಕಾದರೆ ಗಿನಿ ಹಂದಿಗಳನ್ನು ಗಮನಿಸಬಹುದು. ಹೆಸರಿನಲ್ಲಿ ಹಂದಿ ಎಂದಿದ್ದರೂ ಇದು ಇಲಿ ಅಳಿಲುಗಳಂತೆ ದಂಶಕ ವರ್ಗಕ್ಕೆ ಸೇರಿದ ಪ್ರಾಣಿ. ಇದರ ತೌರು ಗಿನಿಯಲ್ಲ, ದಕ್ಷಿಣ ಅಮೆರಿಕದ ಆಂಡೀಸ್ ಪರ್ವತಪ್ರದೇಶ. ಕ್ಷಯರೋಗದ ಕ್ರಿಮಿಯನ್ನು 1882ರಲ್ಲಿ ತೋರಿಸಿಕೊಟ್ಟ ರಾಬರ್ಟ್ ಕಾಕ್ ಪ್ರಯೋಗಗಳಿಗೆ ಬಳಸಿದುದು ಈ ಪ್ರಾಣಿಯನ್ನೇ. ಇದು ಒಂಟಿಯಾಗಿ ಬಾಳುವ ಪ್ರಾಣಿಯಲ್ಲ. ಗುಂಪಿನಲ್ಲಿಯೇ ಇದಕ್ಕೆ ಸುಖ. ಆದರೂ ಅಪರಿಚಿತವಾದುದನ್ನು ಒಮ್ಮೆಲೆ ಗೂಡಿನೊಳಗೆ ಬಿಟ್ಟರೆ ಹಳೆಯವು ಸಹಿಸವು. ಗೂಡು ಅವುಗಳ ವಾಸನೆಯಿಂದ ಗುರುತಾದ ಅವುಗಳ ರಾಜ್ಯ. ಆದುದರಿಂದ ಬಲ್ಲವರು ಎರಡು ಕಡೆಯವನ್ನೂ ಯಾರದೂ ಅಲ್ಲದ ವಿಶಾಲವಾದ ಜಾಗದಲ್ಲಿ ಒಟ್ಟಿಗೆ ಬಿಡುವರು. ಅಲ್ಲಲ್ಲಿ ಹುಲ್ಲಿನ ರಾಶಿಗಳನ್ನೂ ಎರಡು ಬಾಗಿಲುಗಳುಳ್ಳ ಅಡಗುತಾಣಗಳನ್ನೂ ಇಡುವರು. ಒಂದೇ ಬಾಗಿಲಿದ್ದರೆ ಒಳಹೊಕ್ಕ ಪ್ರಾಣಿ ಸಿಕ್ಕಿಬೀಳುವುದು.

ಅನಂತರ ಅವು ಮಾಡುವುದನ್ನು ತಾಳ್ಮೆಯಿಂದ ನೋಡಬೇಕು. ಮೂಸುವುದು, ಬೆನ್ನಟ್ಟುವುದು, ಗುರುಗುಟ್ಟುವುದು, ಮೈಮೇಲೆ ಹತ್ತುವುದು ಇವೆಲ್ಲ ಸ್ಥಾನ ನಿರ್ಣಯದ ಸಾಮಾನ್ಯ ಕ್ರಮಗಳು. ಹಲ್ಲುಗಳನ್ನು ಕಟಕಟನೆ ಕಡಿದರೆ ಅದು ಬೆದರಿಕೆ. ಇಷ್ಟಕ್ಕೆಲ್ಲ ನಡುವೆ ಕೈ ಹಾಕಿ ಬೇರ್ಪಡಿಸಿದರೆ ತೀರ್ಮಾನ ಅರ್ಧಕ್ಕೆ ನಿಂತು, ಮರುದಿನ ಮೊದಲಿನಿಂದ ಆರಂಭವಾಗುವುದು. ಕಚ್ಚಿ ರಕ್ತ ಬಂದರೆ, ಅಥವಾ ಎರಡು ಒಂದನ್ನೊಂದು ಹಿಡಿದು ಉರುಳಾಡಿದರೆ ಮಾತ್ರ ಬೇರ್ಪಡಿಸಬೇಕು. ಆಗಲೂ ಬರಿಗೈ ಹಾಕದೆ ದಪ್ಪ ಬಟ್ಟೆಯನ್ನು ಬಳಸಬೇಕು. ಬೆಳೆದ ಗಂಡುಗಳೆರಡು ಹೆಣ್ಣುಗಳಿರುವೆಡೆಯಲ್ಲಿ ಕೂಡಿ ಬಾಳುವುದು ಕಷ್ಟ. ಇನ್ನೊಂದು ಸಂಗತಿಯನ್ನೂ ಮರೆಯಬಾರದು. ಗಿನಿ ಹಂದಿಯ ಜೀರ್ಣಾಂಗಗಳಿಗೆ ಆಹಾರ ಸತತವಾಗಿ ಬೀಳುತ್ತಿರಬೇಕು. ಹೊಸ ಪ್ರಾಣಿಯನ್ನು ಮಿಕ್ಕವು ಹುಲ್ಲಿನಿಂದ ದೂರವಿಟ್ಟು ಅದು ಒಂದು ದಿನ ಉಪವಾಸವಿದ್ದರೂ ಪ್ರಾಣಕ್ಕೆ ಅಪಾಯ.

ಹಸುವಿಗೂ ನ್ಯಾಯ ಇದೇ. ಇಕ್ಕಟ್ಟಾದ ಕೊಟ್ಟಿಗೆಯಲ್ಲಿ ಸೋತ ಹಸುವಿಗೆ ಸರಿಯಲು ಸ್ಥಳವಿಲ್ಲ. ಹಿಂದೆ ಗೋಡೆ, ಮುಂದೆ ಕೊಂಬು. ಆದಕಾರಣ ಮೊದಲ ಭೇಟಿ ಬಯಲಿನಲ್ಲಿ ಆಗುವುದು ಮೇಲು. ಬೇಲಿಯ ಆಚೆಗೂ ಈಚೆಗೂ ಕಟ್ಟಿ ಕೆಲವು ದಿನ ಒಂದರ ವಾಸನೆ ಇನ್ನೊಂದಕ್ಕೆ ಪರಿಚಯವಾಗುವಂತೆ ಮಾಡಿದರೆ ಇನ್ನೂ ಒಳ್ಳೆಯದು. ಹುಲ್ಲನ್ನೂ ನೀರನ್ನೂ ಒಂದೇ ಕಡೆ ಇಡದೆ ಎರಡು ಮೂರು ಕಡೆ ಇಡಬೇಕು. ಸಾಧ್ಯವಾದರೆ ಒಂದನ್ನೇ ಸೇರಿಸದೆ ಮೊದಲೇ ಪರಿಚಯವಿರುವ ಎರಡನ್ನು ಒಟ್ಟಿಗೆ ಸೇರಿಸಬೇಕು. ಆಗ ಹಳೆಯ ದನಗಳ ಕೋಪ ಇಬ್ಭಾಗವಾಗುವುದು. ಮೊದಲ ಚೂಲಿನ ಎಳೆಯ ಹಸುಗಳ ವಿಷಯದಲ್ಲಿಯೂ ಗಬ್ಬವಾದ ಹಸುಗಳ ವಿಷಯದಲ್ಲಿಯೂ ವಿಶೇಷವಾದ ಎಚ್ಚರಿಕೆ ಬೇಕು.

ಆದರೆ ಕೊಂಬಿನ ಹೊಡೆತಕ್ಕಿಂತ ದೊಡ್ಡ ಅಪಾಯವು ಕಣ್ಣಿಗೆ ಕಾಣದೆ ಹೊಸ ಪ್ರಾಣಿಯ ಜೊತೆಯಲ್ಲಿ ಬರುವುದು. ಅದೇ ರೋಗ. ಕಾಲುಬಾಯಿ ಜ್ವರದ ವಿಷಾಣು ದೇಹವನ್ನು ಹೊಕ್ಕ ಮೇಲೆ ಲಕ್ಷಣಗಳು ತೋರಲು 2 ರಿಂದ 14 ದಿನಗಳು ಹಿಡಿಯುವುವು. ಭಾರತದಲ್ಲಿ 2019ರಲ್ಲಿ ಕಾಣಿಸಿಕೊಂಡು 2022ರಲ್ಲಿ ಅನೇಕ ರಾಜ್ಯಗಳ ದನಗಳನ್ನು ಬಲಿ ತೆಗೆದುಕೊಂಡ ಚರ್ಮಗಂಟು ರೋಗಕ್ಕೆ ಈ ಗುಪ್ತಕಾಲವು ನಾಲ್ಕು ವಾರಗಳವರೆಗೂ ಇರಬಹುದು. ಇದನ್ನು ಕಚ್ಚುವ ನೊಣ, ಸೊಳ್ಳೆ, ಉಣ್ಣೆಗಳು ಹರಡುವುವು. ಸಂತೆಯಲ್ಲಿ ಲಕ್ಷಣವಾಗಿ ಕಂಡ ಹಸುವು ಮನೆಗೆ ಬಂದ ಮೂರನೆಯ ವಾರದಲ್ಲಿ ಕಾಯಿಲೆ ಬೀಳುವುದು ಹೀಗೆ. ಆದುದರಿಂದ ಹೊಸ ಪ್ರಾಣಿಯನ್ನು ಮೂರು ನಾಲ್ಕು ವಾರಗಳ ಕಾಲ ಬೇರೆ ಕಡೆ ಕಟ್ಟಿ, ಅದಕ್ಕೆ ಬೇರೆ ಬಕೀಟನ್ನೂ ಬೇರೆ ಹಗ್ಗವನ್ನೂ ಬಳಸಿ, ಮನೆಯ ದನಗಳ ಕೆಲಸ ಮುಗಿದ ಮೇಲೆಯೇ ಅದರ ಕೆಲಸಕ್ಕೆ ಹೋಗಬೇಕು. ಲಸಿಕೆ ಹಾಕಿಸಬೇಕಾಗಿದ್ದರೆ ಅದಕ್ಕೂ ಇದೇ ಸಮಯ. ಗಿನಿ ಹಂದಿಗಳನ್ನೂ ಎರಡು ಮೂರು ವಾರ ಬೇರೆ ಕೋಣೆಯಲ್ಲಿಟ್ಟು, ಶ್ವಾಸದ ಕಾಯಿಲೆ, ಹುಳುಕಡ್ಡಿ, ನುಸಿಗಳು ಇಲ್ಲವೆಂದು ಕಂಡುಕೊಳ್ಳುವರು.

ಕಾಯುವುದರಿಂದ ಮಾತ್ರ ಬಯಲಾಗದ ರೋಗವೂ ಒಂದುಂಟು. ಅದು ಬ್ರೂಸೆಲ್ಲಾ ಎಂಬ ಏಕಾಣುಜೀವಿಯಿಂದ ಬರುವ ಕಂದು ರೋಗ. ಇದು ತಗುಲಿದ ಹಸು ತಿಂಗಳುಗಟ್ಟಲೆ ಆರೋಗ್ಯವಾಗಿಯೇ ಕಾಣುವುದು. ಗಬ್ಬದ ಕೊನೆಯ ತಿಂಗಳುಗಳಲ್ಲಿ ಕಂದು ಹಾಕುವುದು. ಆಗ ಬಿದ್ದ ಮಾಸಿನಲ್ಲಿಯೂ ಸ್ರಾವದಲ್ಲಿಯೂ ರೋಗಾಣುಗಳು ಅಪಾರವಾಗಿರುವುವು. ಅದನ್ನು ಮೂಸಿ ನೆಕ್ಕಿದ ದನಗಳಿಗೂ, ಬರಿಗೈಯಿಂದ ಎತ್ತಿಹಾಕಿದ ಮನೆಯವರಿಗೂ, ಹಸಿ ಹಾಲನ್ನು ಕುಡಿದವರಿಗೂ ರೋಗ ಅಂಟಬಹುದು. ಮನುಷ್ಯರಲ್ಲಿ ಇದು ಬಿಟ್ಟು ಬಿಟ್ಟು ಬರುವ ಜ್ವರವಾಗಿ, ಕೀಲುನೋವಾಗಿ ಬಹುಕಾಲ ಕಾಡುವುದು. ಇದನ್ನು ಕಂಡುಹಿಡಿಯಲು ರಕ್ತ ಅಥವಾ ಹಾಲಿನ ಪರೀಕ್ಷೆಯೇ ಬೇಕು. ಕೇಂದ್ರ ಸರ್ಕಾರವು 2019ರಲ್ಲಿ ಕಾಲುಬಾಯಿ ಜ್ವರಕ್ಕೂ ಕಂದು ರೋಗಕ್ಕೂ ಲಸಿಕೆ ಹಾಕುವ ಕಾರ್ಯಕ್ರಮವನ್ನು ಆರಂಭಿಸಿತು. ಕಂದು ರೋಗದ ಲಸಿಕೆಯನ್ನು 4 ರಿಂದ 8 ತಿಂಗಳ ಹೆಣ್ಣು ಕರುಗಳಿಗೆ ಹಾಕುವರು.

ಸಾಲ ಮಾಡಿ ಕೊಂಡ ಒಂದು ಹಸುವಿನಿಂದ ಮನೆಯಲ್ಲಿರುವ ನಾಲ್ಕು ಹಸುಗಳೂ ಕಂದು ಹಾಕಿದರೆ ಆ ಸಂಸಾರ ಚೇತರಿಸಿಕೊಳ್ಳಲು ವರ್ಷಗಳೇ ಬೇಕಾಗುವುವು. ಹೀಗಿರಲು ಮೊದಲು ಪರೀಕ್ಷೆ, ಅನಂತರ ಪ್ರತ್ಯೇಕವಾಸ, ಆಮೇಲೆ ಬೇಲಿಯ ಮೂಲಕ ಪರಿಚಯ, ಕೊನೆಗೆ ಬಯಲಿನಲ್ಲಿ ಭೇಟಿ ಎಂಬ ಈ ಕ್ರಮವು ಮಂದವೆಂದು ತೋರಿದರೂ ಲಾಭದಾಯಕವಾದುದು. ಹಳ್ಳಿಗಳಿಂದ ಬರುವ ವಿದ್ಯಾರ್ಥಿಗಳು ಈ ಕಾರಣಗಳನ್ನು ತಿಳಿದು ಮನೆಯ ಹಿರಿಯರೊಡನೆ ಮಾತನಾಡಬೇಕು. ಮುಂದಿನ ಸಂತೆಗೆ ಹೊರಡುವ ಮುನ್ನವೇ ಹೊಸ ಹಸುವಿಗಾಗಿ ಕೊಟ್ಟಿಗೆಯಿಂದ ದೂರವಾಗಿ ಒಂದು ಗೂಟವನ್ನು ನೆಡಿಸಬೇಕು.