ಮರುಭೂಮಿಯಲ್ಲಿ ಬಾಯಾರಿದರೆ ಪಾಪಾಸುಕಳ್ಳಿ ಕಡಿದು ನೀರು ಕುಡಿಯಬಹುದೇ?

ಸಿನಿಮಾಗಳಲ್ಲಿ, ಕಾರ್ಟೂನ್‌ಗಳಲ್ಲಿ ಈ ದೃಶ್ಯವನ್ನು ನೀವು ನೋಡಿರಬಹುದು. ಮರುಭೂಮಿಯಲ್ಲಿ ದಾರಿ ತಪ್ಪಿದವನು ಎತ್ತರದ ಕಳ್ಳಿಗಿಡವನ್ನು ಕತ್ತರಿಸುತ್ತಾನೆ, ಒಳಗಿನಿಂದ ತಿಳಿನೀರು ಹರಿಯುತ್ತದೆ, ಕುಡಿದು ಜೀವ ಉಳಿಸಿಕೊಳ್ಳುತ್ತಾನೆ. ಇದನ್ನೇ 'ಜೀವ ಉಳಿಸುವ ಟಿಪ್ಸ್' ಎಂದು ವಾಟ್ಸಾಪ್‌ನಲ್ಲಿ ಹಂಚುವವರೂ ಇದ್ದಾರೆ. ಇದು ನಿಜವೇ?

ಒಂದೇ ಮಾತಿನಲ್ಲಿ ಉತ್ತರ: ಇಲ್ಲ. ಕಳ್ಳಿಯೊಳಗೆ ನೀರಿದೆ, ಆದರೆ ಅದು ಕುಡಿಯುವ ನೀರಲ್ಲ.

ಕಳ್ಳಿಗಳೆಲ್ಲ ಒಂದೇ ಥರವೇ?

ಅಲ್ಲ. ಪಾಪಾಸುಕಳ್ಳಿಯ ಕುಟುಂಬದಲ್ಲಿ ಸುಮಾರು 1,500ಕ್ಕೂ ಹೆಚ್ಚು ಪ್ರಭೇದಗಳಿವೆ. ಹೆಚ್ಚುಕಡಿಮೆ ಎಲ್ಲದರ ತವರೂ ಅಮೆರಿಕ ಖಂಡಗಳು. ಅರ್ಜೆಂಟೀನಾ ಮತ್ತು ಬೊಲಿವಿಯಾದ ಬಂಡೆ ಸಂದುಗಳಲ್ಲಿ ಬೆಳೆಯುವ ಬ್ಲಾಸ್‌ಫೆಲ್ಡಿಯಾ ಕೇವಲ 1 ಸೆಂಟಿಮೀಟರ್ ಅಗಲದ ಗುಂಡಿ. ಮೆಕ್ಸಿಕೊದ ಕಾರ್ಡೋನ್ ಕಳ್ಳಿಯೋ 19 ಮೀಟರ್‌ವರೆಗೂ ಬೆಳೆದದ್ದುಂಟು, ಅಂದರೆ ಆರು ಮಹಡಿ ಕಟ್ಟಡದಷ್ಟು ಎತ್ತರ.

ಸಿನಿಮಾಗಳಲ್ಲಿ ಕೈ ಎತ್ತಿ ನಿಂತ ಮನುಷ್ಯನಂತೆ ಕಾಣುವ ಕಳ್ಳಿಯ ಹೆಸರು ಸಗ್ವಾರೊ. ಇದು ಬೆಳೆಯುವುದು ಅಮೆರಿಕದ ಅರಿಜೋನಾ ಮತ್ತು ಮೆಕ್ಸಿಕೊಗಳಲ್ಲಿ ಹಬ್ಬಿರುವ ಸೊನೋರಾ ಮರುಭೂಮಿಯಲ್ಲಿ. ಮೊದಲ 8 ವರ್ಷಗಳಲ್ಲಿ ಅದು ಬೆಳೆಯುವುದು 1ರಿಂದ 1.5 ಇಂಚು ಮಾತ್ರ! ಮೊದಲ 'ಕೈ' ಮೂಡಲು ಸಾಮಾನ್ಯವಾಗಿ 50ರಿಂದ 75 ವರ್ಷ ಬೇಕು. ಆದರೆ ಆಯಸ್ಸು 150 ವರ್ಷಕ್ಕೂ ಹೆಚ್ಚು.

ಎಲ್ಲ ಕಳ್ಳಿಗಳಿಗೂ ಮರುಭೂಮಿಯೇ ಬೇಕೆಂದಿಲ್ಲ. ನಮ್ಮ ಮನೆಯಂಗಳದಲ್ಲಿ ಮಳೆಗಾಲದ ರಾತ್ರಿ ಅರಳುವ 'ಬ್ರಹ್ಮಕಮಲ' ಕೂಡ ಅಮೆರಿಕದ ಕಾಡುಗಳಿಂದ ಬಂದ ಕಳ್ಳಿಯೇ. ಅದರ ಎಲೆಯಂತೆ ಕಾಣುವುದು ನಿಜವಾಗಿ ಚಪ್ಪಟೆಯಾದ ಕಾಂಡ. ಡ್ರ್ಯಾಗನ್ ಫ್ರೂಟ್ ಬಳ್ಳಿಯೂ ಇದೇ ಕುಟುಂಬದ್ದು.

ನೀರನ್ನು ಹೇಗೆ ಕೂಡಿಡುತ್ತದೆ?

ಸಗ್ವಾರೊದ ಹೆಚ್ಚಿನ ಬೇರುಗಳು ಆಳಕ್ಕೆ ಇಳಿಯುವುದಿಲ್ಲ. ನೆಲದಿಂದ ಕೆಲವೇ ಇಂಚು ಕೆಳಗೆ, ಗಿಡದ ಎತ್ತರದಷ್ಟೇ ದೂರಕ್ಕೆ ಸುತ್ತಲೂ ಹರಡಿರುತ್ತವೆ. ಸಣ್ಣ ಮಳೆ ಬಂದರೂ ನೀರನ್ನು ಬೇಗ ಹೀರಿಕೊಳ್ಳುತ್ತವೆ. ಕಾಂಡದ ಉದ್ದಕ್ಕೂ ಇರುವ ಮಡಿಕೆಗಳು ಹಾರ್ಮೋನಿಯಂ ತಿದಿಯಂತೆ ನೀರು ತುಂಬಿದಾಗ ಹಿಗ್ಗುತ್ತವೆ, ಬರ ಬಂದಾಗ ಕುಗ್ಗುತ್ತವೆ. ನೀರು ತುಂಬಿದ ದೊಡ್ಡ ಸಗ್ವಾರೊ ಒಂದು ಟನ್‌ಗಿಂತ ಹೆಚ್ಚು ತೂಗುತ್ತದೆ.

ಉಳಿತಾಯದ ಉಪಾಯವೂ ಇದೆ. ಸಾಮಾನ್ಯ ಗಿಡಗಳು ಹಗಲಲ್ಲಿ ಎಲೆಯ ಸೂಕ್ಷ್ಮ ರಂಧ್ರಗಳನ್ನು ತೆರೆದು ಗಾಳಿಯಿಂದ ಇಂಗಾಲದ ಡೈಆಕ್ಸೈಡ್ ಪಡೆಯುತ್ತವೆ. ಆಗ ನೀರೂ ಆವಿಯಾಗಿ ಹೋಗುತ್ತದೆ. ಕಳ್ಳಿಗಳು ಕಾಂಡದ ರಂಧ್ರಗಳನ್ನು ತಂಪಾದ ರಾತ್ರಿಯಲ್ಲಿ ತೆರೆಯುತ್ತವೆ. ಒಳಬಂದ ಇಂಗಾಲದ ಡೈಆಕ್ಸೈಡನ್ನು ಆಮ್ಲದ ರೂಪದಲ್ಲಿ ಕೂಡಿಟ್ಟು, ಹಗಲಲ್ಲಿ ಬಿಸಿಲು ಬಿದ್ದಾಗ ಆಹಾರ ತಯಾರಿಸಲು ಬಳಸುತ್ತವೆ.

ಹಾಗಿದ್ದರೆ ಕುಡಿದರೇನು ತೊಂದರೆ?

ಕಳ್ಳಿಯೊಳಗೆ ಕೊಡದಲ್ಲಿ ತುಂಬಿಟ್ಟಂತೆ ನೀರು ನಿಂತಿರುವುದಿಲ್ಲ. ಲೋಳೆಸರದ ತಿರುಳಿನಂತೆ, ಜೀವಕೋಶಗಳಲ್ಲಿ ಲೋಳೆಯೊಂದಿಗೆ ಬೆರೆತಿರುತ್ತದೆ. ಹಿಂಡಿದರೆ ಸಿಗುವುದು ಹುಳಿ, ಕಹಿ ರಸ. ಅನೇಕ ಪ್ರಭೇದಗಳಲ್ಲಿ ಆಕ್ಸಲೇಟ್, ಆಲ್ಕಲಾಯ್ಡ್‌ನಂಥ ರಾಸಾಯನಿಕಗಳೂ ಇರುತ್ತವೆ. ಪ್ರಾಣಿಗಳು ತಿನ್ನದಂತೆ ಇವು ಗಿಡಕ್ಕೆ ರಕ್ಷಣೆ. ನಾವು ಕುಡಿದರೆ ಹೊಟ್ಟೆನೋವು, ವಾಂತಿ, ಭೇದಿ ಆಗಬಹುದು. ಮೊದಲೇ ಬಾಯಾರಿ ಬಳಲಿದವರಿಗೆ ವಾಂತಿ ಭೇದಿ ಆದರೆ ದೇಹದಲ್ಲಿ ಉಳಿದ ನೀರೂ ಹೋಗಿ ಪ್ರಾಣಕ್ಕೇ ಅಪಾಯ. ಹಣ್ಣಿನ ಮಾತು ಬೇರೆ: ಪಾಪಾಸುಕಳ್ಳಿಯ ಮಾಗಿದ ಹಣ್ಣನ್ನು ಮುಳ್ಳು ತೆಗೆದು ತಿನ್ನುತ್ತಾರೆ.

ನಮ್ಮೂರಿನ ಬೇಲಿಯ ಕಳ್ಳಿ ಇನ್ನೂ ಅಪಾಯಕಾರಿ

ಈ ಸಂದೇಶ ನಮ್ಮಲ್ಲಿ ಹರಿದಾಡುವುದು ಇನ್ನೊಂದು ಕಾರಣಕ್ಕೂ ಅಪಾಯ. ಹೊಲದ ಬೇಲಿಯಲ್ಲಿ ಕಾಣುವ ಚದುರಗಳ್ಳಿ, ಎಲೆಗಳ್ಳಿಗಳ ಹೆಸರಿನಲ್ಲಿ 'ಕಳ್ಳಿ' ಇದ್ದರೂ ಅವು ಪಾಪಾಸುಕಳ್ಳಿಯ ಕುಟುಂಬಕ್ಕೆ ಸೇರಿಲ್ಲ. ಅವು ಯೂಫೋರ್ಬಿಯಾ ಗುಂಪಿನವು. ಒಣ ಹವೆಗೆ ಒಗ್ಗಿಕೊಂಡದ್ದರಿಂದ ನೋಡಲು ಕಳ್ಳಿಯಂತಾಗಿವೆ, ಅಷ್ಟೆ. ಇವನ್ನು ಗೀರಿದರೆ ಬಿಳಿ ಹಾಲು ಒಸರುತ್ತದೆ. ಈ ಹಾಲು ಚರ್ಮಕ್ಕೆ ತಾಗಿದರೆ ಉರಿ, ಬೊಬ್ಬೆ. ಕಣ್ಣಿಗೆ ಬಿದ್ದರೆ ಕಣ್ಣಿನ ಪಾರದರ್ಶಕ ಪದರಕ್ಕೆ ಹಾನಿಯಾಗಿ ದೃಷ್ಟಿಗೇ ಕುತ್ತು ಬರಬಹುದು. ನುಂಗಿದರೂ ವಿಷ.

ಬೇಲಿ ಸವರುವಾಗ ಕಣ್ಣಿಗೆ ಹಾಲು ಸಿಡಿದರೆ ಉಜ್ಜಬೇಡಿ. ಕೂಡಲೇ ಶುದ್ಧ ನೀರಿನಿಂದ ಕನಿಷ್ಠ 15 ನಿಮಿಷ ತೊಳೆದು, ತಡಮಾಡದೆ ಕಣ್ಣಿನ ವೈದ್ಯರ ಬಳಿ ಹೋಗಿ. ಎದೆಹಾಲು, ಎಣ್ಣೆ, ಸೊಪ್ಪಿನ ರಸ ಹಾಕಬೇಡಿ.

ಕೊನೆಯ ಮಾತು

ಕಳ್ಳಿ ಕಡಿದು ನೀರು ಕುಡಿಯಬಹುದು ಎಂಬುದು ತಪ್ಪು ಮಾಹಿತಿ. ಬಿಸಿಲಿನಲ್ಲಿ ಚಾರಣಕ್ಕೋ ದೂರದ ಹೊಲಕ್ಕೋ ಹೊರಟಿದ್ದರೆ ಸಾಕಷ್ಟು ನೀರು ಜೊತೆಗಿರಲಿ. ಆ ಫಾರ್ವರ್ಡ್ ನಿಮ್ಮ ಗ್ರೂಪ್‌ಗೆ ಬಂದರೆ ಮುಂದೆ ಕಳಿಸಬೇಡಿ, ಕಳಿಸಿದವರಿಗೆ ಇದನ್ನು ತಿಳಿಸಿ.