ಸೆಲ್ಫ್ ಹೊಡೀತಿಲ್ವಾ? ಹೊಸ ಬ್ಯಾಟರಿ ತರೋ ಮುಂಚೆ ಮೂರು ರೀಡಿಂಗ್ ನೋಡಿ



ಈ ವಾರ ಬೆಳೆ ವಿಷಯ ಅಲ್ಲ, ಬೆಳೆ ಸಾಗಿಸೋ ಗಾಡಿ ವಿಷಯ. ಆನೇಕಲ್, ಅತ್ತಿಬೆಲೆ ಕಡೆಯಿಂದ ಹೊಸೂರು ರಸ್ತೆ ಹಿಡಿದು ಬೊಮ್ಮನಹಳ್ಳಿ, ಬಿಟಿಎಂ, ಜಯನಗರಕ್ಕೆ ಸೊಪ್ಪು-ತರಕಾರಿ ತರೋ ನಮ್ಮಂಥ ಸಣ್ಣ ಬೆಳೆಗಾರರಲ್ಲಿ ಎಷ್ಟೋ ಜನರ ಹತ್ತಿರ ಇರೋದು ಹಳೇ ಗಾಡಿ. ಮಾರುತಿ 800 ತಯಾರಿಕೆ ನಿಂತಿದ್ದು 2014ರಲ್ಲಿ, ಓಮ್ನಿ ನಿಂತಿದ್ದು 2019ರಲ್ಲಿ. ಗಾಡಿ ಗಟ್ಟಿ ಇದ್ರೂ ಅದರ ವೈರು, ಬೆಲ್ಟು, ಡೈನಮೋಗೆ ವಯಸ್ಸಾಗಿರುತ್ತೆ.

ಬೆಳಗ್ಗೆ ನಾಲ್ಕೂವರೆಗೆ ಕೊತ್ತಂಬರಿ ಕಟ್ಟು ತುಂಬಿ ಕೀ ತಿರುಗಿಸಿದಾಗ ಬರೀ "ಕಟ್ ಕಟ್" ಅಂದ್ರೆ ನಷ್ಟ ಏನು ಅಂತ ನಿಮಗೇ ಗೊತ್ತು. ಏಳು ಗಂಟೆಗೆ ಗಿರಾಕಿ ಕೈ ಸೇರಬೇಕಾದ ಸೊಪ್ಪು ಹತ್ತಕ್ಕೆ ಬಾಡಿರುತ್ತೆ. ಆ ಗಾಬರಿಯಲ್ಲಿ ನಾವು ಮೊದಲು ಮಾಡೋದು ಹೊಸ ಬ್ಯಾಟರಿ ತರೋದು. ಎರಡು ತಿಂಗಳಾದ ಮೇಲೆ ಅದೂ ಡೌನ್!

ಎಲೆ ಹಳದಿ ಆಯ್ತು ಅಂತ ತಕ್ಷಣ ಗೊಬ್ಬರ ಸುರಿಯಬೇಡಿ ಅಂತ ನಾವು ಹೇಳ್ತೀವಲ್ಲ? ಸಾರಜನಕ ಕಮ್ಮಿ ಇರಬಹುದು, ಬುಡದಲ್ಲಿ ನೀರು ನಿಂತಿರಬಹುದು, ಬೇರು ಕೊಳೆತಿರಬಹುದು. ಗಾಡಿಯಲ್ಲೂ ಹಾಗೇ. ಬ್ಯಾಟರಿ ಖಾಲಿ ಆಗೋದು ಲಕ್ಷಣ ಮಾತ್ರ. ಕಾರಣ ನಾಲ್ಕರಲ್ಲಿ ಒಂದು: ಬ್ಯಾಟರಿಗೇ ವಯಸ್ಸಾಗಿದೆ, ಡೈನಮೋ ಚಾರ್ಜ್ ಮಾಡ್ತಿಲ್ಲ, ಮಧ್ಯದ ವೈರು-ಜಾಯಿಂಟು ಕೆಟ್ಟಿದೆ, ಇಲ್ಲಾಂದ್ರೆ ಗಾಡಿ ನಿಂತಾಗ ಏನೋ ಒಂದು ಕರೆಂಟ್ ಕುಡೀತಿದೆ. ಇದನ್ನ ಬೇರೆ ಮಾಡಿ ತೋರಿಸೋಕೆ ಕೆಲವೇ ನೂರು ರೂಪಾಯಿಯ ಮಲ್ಟಿಮೀಟರ್ ಸಾಕು. ಅದೇ ಮೀಟರ್ ಪಂಪ್‌ಸೆಟ್ ವೈರಿಂಗ್, ಜಟ್ಕಾ ಬೇಲಿ ಬ್ಯಾಟರಿ ನೋಡೋಕೂ ಆಗುತ್ತೆ.

ಮೊದಲು ಕಣ್ಣಲ್ಲಿ ನೋಡಿ

ಬಾನೆಟ್ ತೆಗೆದು (ಓಮ್ನಿ ಆದ್ರೆ ಸೀಟು ಎತ್ತಿ) ಟಾರ್ಚ್ ಬಿಟ್ಟು ನೋಡಿ. ಟರ್ಮಿನಲ್ ಮೇಲೆ ಬಿಳಿ-ಹಸಿರು ಪುಡಿ ಕೂತಿದ್ಯಾ? ಕೈಯಲ್ಲಿ ತಿರುಗಿಸಿದ್ರೆ ಕ್ಲ್ಯಾಂಪ್ ಅಲ್ಲಾಡುತ್ತಾ? ಹಾಗಿದ್ರೆ ಅರ್ಧ ಕೆಲಸ ಇಲ್ಲೇ ಇದೆ. ಮೊದಲು ನೆಗೆಟಿವ್, ಆಮೇಲೆ ಪಾಸಿಟಿವ್ ಬಿಚ್ಚಿ. ಬಿಚ್ಚೋ ಮುಂಚೆ ಫೋನಲ್ಲಿ ಒಂದು ಫೋಟೋ ತೆಗೆದಿಟ್ಟುಕೊಳ್ಳಿ. ಬಿಸಿನೀರಿಗೆ ಅಡುಗೆ ಸೋಡಾ ಹಾಕಿ ಹಳೇ ಬ್ರಷ್‌ನಲ್ಲಿ ಉಜ್ಜಿ. ಆ ನೀರು ಬ್ಯಾಟರಿ ಮುಚ್ಚಳದೊಳಗೆ ಹೋಗಬಾರದು. ಒಣಗಿದ ಮೇಲೆ ಮೊದಲು ಪಾಸಿಟಿವ್, ಕೊನೆಗೆ ನೆಗೆಟಿವ್ ಬಿಗಿ ಮಾಡಿ, ಮೇಲೆ ವ್ಯಾಸಲಿನ್ ಸವರಿ.

ಡೈನಮೋ ಬೆಲ್ಟ್ ಬಿರುಕು ಬಿಟ್ಟಿದ್ಯಾ, ಸಡಿಲ ಇದ್ಯಾ ನೋಡಿ. ಸ್ಟಾರ್ಟ್ ಮಾಡಿದ ತಕ್ಷಣ "ಕೀಂಯ್" ಅಂತ ಕೂಗಿದ್ರೆ ಬೆಲ್ಟ್ ಜಾರ್ತಿದೆ ಅಂತ ಅರ್ಥ. ನೀರು ಹಾಕೋ ಬ್ಯಾಟರಿ ಆದ್ರೆ ಮಟ್ಟ ನೋಡಿ, ಕಮ್ಮಿ ಇದ್ರೆ ಡಿಸ್ಟಿಲ್ಡ್ ವಾಟರ್ ಮಾತ್ರ ಹಾಕಿ. ಬೋರ್‌ವೆಲ್ ನೀರು ಬೇಡ. ಅದರಲ್ಲಿರೋ ಲವಣ ಬ್ಯಾಟರಿ ಪ್ಲೇಟುಗಳನ್ನ ಕೆಡಿಸುತ್ತೆ.

ಮೂರು ರೀಡಿಂಗ್

ಮೀಟರನ್ನ ಡಿಸಿ 20 ವೋಲ್ಟ್‌ಗೆ ತಿರುಗಿಸಿ. ಕೆಂಪು ಕಡ್ಡಿ ಪಾಸಿಟಿವ್‌ಗೆ, ಕಪ್ಪು ನೆಗೆಟಿವ್‌ಗೆ.

1. ಗಾಡಿ ಮಲಗಿರುವಾಗ. ರಾತ್ರಿಯಿಡೀ ನಿಂತ ಗಾಡಿಯಲ್ಲಿ, ಕೀ ಹಾಕೋ ಮುಂಚೆ ನೋಡಿ. 12.6 ವೋಲ್ಟ್ ಇದ್ರೆ ಬ್ಯಾಟರಿ ಪೂರ್ತಿ ತುಂಬಿದೆ. 12.4 ಅಂದ್ರೆ ಮುಕ್ಕಾಲು, 12.2 ಅಂದ್ರೆ ಅರ್ಧ. 11.9ಕ್ಕಿಂತ ಕೆಳಗೆ ಹೋದ್ರೆ ಬಹುತೇಕ ಖಾಲಿ. ಒಳಗೆ ತಲಾ 2.1 ವೋಲ್ಟಿನ ಆರು ಸೆಲ್ ಇರುತ್ತೆ. ಚಾರ್ಜ್‌ಗೆ ಹಾಕಿದ ಮೇಲೂ 10.5 ಆಸುಪಾಸಲ್ಲೇ ನಿಂತ್ರೆ ಒಂದು ಸೆಲ್ ಹೋಗಿದೆ ಅಂತ ಲೆಕ್ಕ, ಆ ಬ್ಯಾಟರಿ ಬದಲಾಯಿಸಲೇಬೇಕು.

2. ಸೆಲ್ಫ್ ಹೊಡೆಯೋವಾಗ. ಅಂಕಿ ಸರ್ರನೆ ಇಳಿದು ಏರುತ್ತೆ, ಕಣ್ಣಿಗೆ ಸಿಗಲ್ಲ. ಮೀಟರ್ ಮುಂದೆ ಫೋನಲ್ಲಿ ವಿಡಿಯೋ ಮಾಡಿ, ಆಮೇಲೆ ನಿಧಾನಕ್ಕೆ ನೋಡಿ. 9.6ಕ್ಕಿಂತ ಕೆಳಗೆ ಬೀಳಬಾರದು. ಮಲಗಿರುವಾಗ 12.6 ತೋರಿಸಿ ಸೆಲ್ಫ್ ಹೊಡೆದಾಗ 8ಕ್ಕೆ ಬಿದ್ರೆ ಬ್ಯಾಟರಿಯಲ್ಲಿ ವೋಲ್ಟ್ ಇದೆ, ಶಕ್ತಿ ಇಲ್ಲ. ಇದು ವಯಸ್ಸಾದ ಬ್ಯಾಟರಿ ಲಕ್ಷಣ. ಅಂಕಿ ಇಳಿಯದೇ 12ರ ಮೇಲೇ ಇದ್ದು ಇಂಜಿನ್ ತಿರುಗದೇ ಇದ್ರೆ ತಪ್ಪು ಬ್ಯಾಟರಿದಲ್ಲ. ವೈರು, ಅರ್ತ್ ಅಥವಾ ಸೆಲ್ಫ್ ಮೋಟಾರ್ ಕಡೆ ನೋಡಿ.

3. ಇಂಜಿನ್ ಓಡುವಾಗ. ಸ್ವಲ್ಪ ರೇಸ್ ಕೊಟ್ಟು ನೋಡಿ. 13.8ರಿಂದ 14.5 ಬಂದ್ರೆ ಡೈನಮೋ ಚೆನ್ನಾಗಿದೆ. ಹೆಡ್‌ಲೈಟ್ ಹಾಕಿದ ಮೇಲೂ 13.5 ಆಸುಪಾಸು ನಿಲ್ಲಬೇಕು. ಅಂಕಿ 12ರಲ್ಲೇ ಇದ್ದು ಇಳೀತಾ ಹೋದ್ರೆ ಚಾರ್ಜ್ ಆಗ್ತಿಲ್ಲ. 15 ದಾಟಿದ್ರೆ ರೆಗ್ಯುಲೇಟರ್ ಕೆಟ್ಟಿದೆ, ಬ್ಯಾಟರಿ ಕುದೀತಿದೆ. ನೀರು ಬೇಗ ಬೇಗ ಕಮ್ಮಿ ಆಗೋದು, ಕೊಳೆತ ಮೊಟ್ಟೆ ವಾಸನೆ ಬರೋದು ಇದರ ಗುರುತು.

ಚಾರ್ಜ್ ಆಗ್ತಿಲ್ಲ ಅಂದ್ರೆ

ಡ್ಯಾಶ್‌ಬೋರ್ಡಲ್ಲಿರೋ ಕೆಂಪು ಬ್ಯಾಟರಿ ದೀಪ ಗಮನಿಸಿ. ಕೀ ಆನ್ ಮಾಡಿದಾಗ ಹತ್ತಬೇಕು, ಇಂಜಿನ್ ಸ್ಟಾರ್ಟ್ ಆದಾಗ ಆರಬೇಕು. ಹತ್ತೋದೇ ಇಲ್ಲ ಅಂದ್ರೆ "ಪರವಾಗಿಲ್ಲ" ಅಂತ ಬಿಡಬೇಡಿ. ಎಷ್ಟೋ ಹಳೇ ಗಾಡಿಗಳಲ್ಲಿ ಡೈನಮೋ ಕೆಲಸ ಶುರು ಮಾಡೋಕೆ ಬೇಕಾದ ಸಣ್ಣ ಕರೆಂಟ್ ಆ ಬಲ್ಬ್ ಮೂಲಕವೇ ಹೋಗುತ್ತೆ. ಬಲ್ಬ್ ಸುಟ್ಟಿದ್ರೆ ಚಾರ್ಜೂ ನಿಲ್ಲಬಹುದು. ಬಲ್ಬ್, ಬೆಲ್ಟ್, ವೈರು ಸರಿ ಇದ್ದೂ ಚಾರ್ಜ್ ಇಲ್ಲ ಅಂದ್ರೆ ಡೈನಮೋ ಬಿಚ್ಚಿಸಿ. ಎಷ್ಟೋ ಸಲ ಕಾರ್ಬನ್ ಬ್ರಷ್ ಸವೆದಿರುತ್ತೆ, ಆಟೋ ಎಲೆಕ್ಟ್ರಿಷಿಯನ್ ಅದನ್ನ ಮಾತ್ರ ಬದಲಾಯಿಸಿ ಕೊಡ್ತಾರೆ. ಪೂರ್ತಿ ಡೈನಮೋ ಕೊಳ್ಳಬೇಕು ಅಂತ ಏನಿಲ್ಲ.

ಅರ್ತ್ ನೋಡೋದು ಸುಲಭ. ಒಂದು ಕಡ್ಡಿ ಬ್ಯಾಟರಿ ನೆಗೆಟಿವ್‌ಗೆ, ಇನ್ನೊಂದು ಇಂಜಿನ್‌ನ ಶುಭ್ರ ಲೋಹಕ್ಕೆ ಇಟ್ಟು ಸೆಲ್ಫ್ ಹೊಡೆಸಿ. ಅರ್ಧ ವೋಲ್ಟ್ ದಾಟಿದ್ರೆ ಅರ್ತ್ ಪಟ್ಟಿ ತುಕ್ಕು ಹಿಡಿದಿದೆ. ಬಿಚ್ಚಿ ಉಜ್ಜಿ ಬಿಗಿ ಮಾಡಿ.

ಇನ್ನೊಂದು ಮಾತು, ಡೈನಮೋ ಚೆನ್ನಾಗಿದ್ರೂ ನಾವು ಓಡಿಸೋ ರೀತಿಯಿಂದಲೇ ಬ್ಯಾಟರಿ ಸೊರಗಬಹುದು. ಎರಡು ಹೆಡ್‌ಲೈಟ್ ಸೇರಿ 8-9 ಆಂಪಿಯರ್ ಎಳೆಯುತ್ತೆ. ಬೊಮ್ಮನಹಳ್ಳಿ, ಸಿಲ್ಕ್ ಬೋರ್ಡ್ ಜಾಮಲ್ಲಿ ಇಂಜಿನ್ ಬರೀ ಐಡ್ಲಿಂಗಲ್ಲಿ ಇದ್ದಾಗ ಡೈನಮೋ ತನ್ನ ಪೂರ್ತಿ ಶಕ್ತಿ ಕೊಡಲ್ಲ. ಆಮೇಲೆ ಮನೆ ಮನೆ ಮುಂದೆ ನಿಲ್ಲಿಸಿ ತೂಕ ಹಾಕೋವಾಗ ಇಂಜಿನ್ ಆಫ್, ಲೈಟ್ ಮಾತ್ರ ಆನ್. ಒಳಗಿನ ಲೈಟನ್ನ ಎಲ್‌ಇಡಿ ಮಾಡ್ಕೊಳ್ಳಿ, ನಿಂತಾಗ ಹೆಡ್‌ಲೈಟ್ ಆರಿಸಿ.

ರಾತ್ರಿ ಕರೆಂಟ್ ಕುಡಿಯೋ ಕಳ್ಳ

ಮೂರೂ ರೀಡಿಂಗ್ ಸರಿ ಇದ್ದು, ಎರಡು ದಿನ ನಿಲ್ಲಿಸಿದ್ರೆ ಮಾತ್ರ ಸ್ಟಾರ್ಟ್ ಆಗಲ್ವಾ? ಎಲ್ಲೋ ಸೋರಿಕೆ ಇದೆ. ಸ್ಟೀರಿಯೋ, ಮೊಬೈಲ್ ಚಾರ್ಜರ್, ಹೊರಗಿಂದ ಹಾಕಿಸಿದ ಲೈಟು, ಮುಚ್ಚಿದ ಮೇಲೂ ಆರದ ಬಾಗಿಲ ದೀಪ, ಇವೇ ಸಾಮಾನ್ಯ ಕಳ್ಳರು. ಲೆಕ್ಕ ನೋಡಿ: ಅರ್ಧ ಆಂಪಿಯರ್ ಸೋರಿದ್ರೆ 35 ಆಂಪಿಯರ್-ಅವರ್ ಬ್ಯಾಟರಿ 70 ಗಂಟೆಯಲ್ಲಿ ಪೂರ್ತಿ ಖಾಲಿ. ಸೆಲ್ಫ್ ಅದಕ್ಕಿಂತ ಎಷ್ಟೋ ಮುಂಚೆ ಕೈ ಕೊಡುತ್ತೆ.

ಹುಡುಕೋದು ಹೀಗೆ: ಕೀ ತೆಗೆದು ಬಾಗಿಲು ಮುಚ್ಚಿ. ಮೀಟರ್ ಕಡ್ಡಿಯನ್ನ 10 ಆಂಪಿಯರ್ ತೂತಿಗೆ ಹಾಕಿ. ನೆಗೆಟಿವ್ ಕೇಬಲ್ ಬಿಚ್ಚಿ, ಕೇಬಲ್ಲಿಗೂ ಬ್ಯಾಟರಿ ನೆಗೆಟಿವ್‌ಗೂ ನಡುವೆ ಮೀಟರ್ ಹಿಡಿಯಿರಿ. ಕೆಲವು ನಿಮಿಷ ಬಿಟ್ಟು ನೋಡಿದಾಗ 0.05 ಆಂಪಿಯರ್ ಒಳಗಿದ್ರೆ ಸರಿ. ಜಾಸ್ತಿ ಇದ್ರೆ ಒಂದೊಂದೇ ಫ್ಯೂಸ್ ಕಿತ್ತು ನೋಡಿ. ಯಾವುದು ಕಿತ್ತಾಗ ಅಂಕಿ ಇಳಿಯುತ್ತೋ ಆ ಲೈನಲ್ಲಿ ಕಳ್ಳ ಇದ್ದಾನೆ. ಯಾವ ಫ್ಯೂಸ್ ಕಿತ್ತರೂ ಇಳೀಲಿಲ್ಲ ಅಂದ್ರೆ ಡೈನಮೋ ಡಯೋಡ್ ಮೇಲೆ ಅನುಮಾನ ಪಡಬೇಕು. ಅದನ್ನ ಎಲೆಕ್ಟ್ರಿಷಿಯನ್‌ಗೆ ಬಿಡಿ. ಮೀಟರ್ ಹೀಗೆ ಸಿಕ್ಕಿಸಿರುವಾಗ ಮಾತ್ರ ಸೆಲ್ಫ್ ಹೊಡೀಬೇಡಿ, ಮೀಟರ್ ಫ್ಯೂಸ್ ಹಾರಿಹೋಗುತ್ತೆ.

ಲೋಡ್ ತುಂಬಿದೆ, ಈಗ್ಲೇ ಹೊರಡಬೇಕು ಅಂದ್ರೆ

ಮನೆಯ ಟ್ರ್ಯಾಕ್ಟರ್ ಬ್ಯಾಟರಿ 12 ವೋಲ್ಟ್ ಆದ್ರೆ ಅದರಿಂದ ಜಂಪ್ ಕೊಡಬಹುದು. 24 ವೋಲ್ಟಿನ ಲಾರಿಯಿಂದ ಖಂಡಿತ ಬೇಡ. ಎರಡೂ ಗಾಡಿ ಆಫ್ ಮಾಡಿ. ಕೆಂಪು ಕೇಬಲ್ ಸತ್ತ ಬ್ಯಾಟರಿ ಪಾಸಿಟಿವ್‌ಗೆ, ಅದರ ಇನ್ನೊಂದು ತುದಿ ಒಳ್ಳೇ ಬ್ಯಾಟರಿ ಪಾಸಿಟಿವ್‌ಗೆ. ಕಪ್ಪು ಕೇಬಲ್ ಒಳ್ಳೇದರ ನೆಗೆಟಿವ್‌ಗೆ, ಕೊನೇ ತುದಿ ಸತ್ತ ಗಾಡಿಯ ಇಂಜಿನ್ ಲೋಹಕ್ಕೆ, ಬ್ಯಾಟರಿಯಿಂದ ದೂರ. ಚಾರ್ಜ್ ಆಗೋ ಬ್ಯಾಟರಿಯಿಂದ ಹೈಡ್ರೋಜನ್ ಅನಿಲ ಬರುತ್ತೆ, ಕಿಡಿ ತಾಗಿದ್ರೆ ಸಿಡಿಯುತ್ತೆ. ಹತ್ತಿರ ಬೀಡಿ-ಸಿಗರೇಟು ಬೇಡ, ಕೈಯಲ್ಲಿರೋ ಉಂಗುರ-ಖಡ್ಗ ತೆಗೆದಿಡಿ. ತಳ್ಳಿ ಸ್ಟಾರ್ಟ್ ಮಾಡೋದಾದ್ರೆ ಸೆಕೆಂಡ್ ಗೇರ್ ಒಳ್ಳೇದು. ಆದ್ರೆ ಇಂಜೆಕ್ಷನ್ ಇಂಜಿನ್‌ನ ಪೆಟ್ರೋಲ್ ಪಂಪಿಗೂ ಕರೆಂಟ್ ಬೇಕು, ಬ್ಯಾಟರಿ ಪೂರ್ತಿ ಸತ್ತಿದ್ರೆ ಎಷ್ಟು ತಳ್ಳಿದ್ರೂ ಆಗಲ್ಲ.

ಇಂಜಿನ್ ಓಡ್ತಿರುವಾಗ ಬ್ಯಾಟರಿ ಟರ್ಮಿನಲ್ ಕಿತ್ತು "ಗಾಡಿ ಆಫ್ ಆಗ್ಲಿಲ್ಲ, ಡೈನಮೋ ಸರಿ ಇದೆ" ಅಂತ ನೋಡೋ ಹಳೇ ಪದ್ಧತಿ ಇದೆ. ಯಾರೇ ಮಾಡೋಕೆ ಬಂದ್ರೂ ಬೇಡ ಅನ್ನಿ. ಆ ಕ್ಷಣ ವೋಲ್ಟೇಜ್ ಜಿಗಿದು ಡಯೋಡ್, ಇಂಜಿನ್ ಕಂಪ್ಯೂಟರ್ ಸುಡಬಹುದು. ಮೂರನೇ ರೀಡಿಂಗ್ ಅದೇ ಉತ್ತರವನ್ನ ಖರ್ಚಿಲ್ಲದೆ ಕೊಡುತ್ತೆ.

ಹಳೇ ಬ್ಯಾಟರಿ ಹೊಲಕ್ಕೆ ಬೇಡ

ಒಳಗಿರೋದು ಸೀಸ ಮತ್ತು ಗಂಧಕಾಮ್ಲ. ಸೀಸ ಮಣ್ಣಿಗೆ ಸೇರಿದ್ರೆ ಕೊಳೆಯಲ್ಲ, ವರ್ಷಗಟ್ಟಲೆ ಅಲ್ಲೇ ಇರುತ್ತೆ, ಬೇರು-ಗೆಡ್ಡೆ, ಸೊಪ್ಪಿಗೂ ಬರುತ್ತೆ. ಆಸಿಡ್ ಬದುವಿಗೆ ಚೆಲ್ಲೋದು, ಗುಜರಿಗೆ ಒಡೆದು ಕೊಡೋದು ಎರಡೂ ತಪ್ಪು. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮದ ಪ್ರಕಾರ ಹಳೇ ಬ್ಯಾಟರಿ ವಾಪಸ್ ಸಂಗ್ರಹಿಸೋ ಹೊಣೆ ತಯಾರಕರದ್ದು. ಹೊಸದು ಕೊಳ್ಳೋವಾಗ ಅಂಗಡಿಯಲ್ಲೇ ಎಕ್ಸ್‌ಚೇಂಜ್ ಕೊಡಿ, ಬೆಲೆಯಲ್ಲೂ ಕಮ್ಮಿ ಮಾಡ್ತಾರೆ.

ತಿಂಗಳಿಗೊಂದು ಸಲ ಮೂರು ರೀಡಿಂಗ್ ತೆಗೆದು ಫೋನಲ್ಲಿ ದಿನಾಂಕ ಹಾಕಿ ಬರೆದಿಡಿ. ಬ್ಯಾಟರಿ ಸಾಯೋ ಮುಂಚೆ ಅಂಕಿ ಮೆಲ್ಲಗೆ ಇಳಿಯೋದು ಕಾಣುತ್ತೆ. ಡಿಸೆಂಬರ್-ಜನವರಿ ಚಳಿಯಲ್ಲಿ ಬ್ಯಾಟರಿ ಇನ್ನೂ ಮಂದ ಆಗುತ್ತೆ, ಆದ್ದರಿಂದ ನವೆಂಬರ್‌ನಲ್ಲಿ ತಪ್ಪದೇ ನೋಡಿ. ನಿಮ್ಮ ಗಾಡಿಯ ಮೊದಲನೇ ರೀಡಿಂಗ್ ನಾಳೆ ಬೆಳಗ್ಗೆ, ಕೀ ಹಾಕೋ ಮುಂಚೆನೇ ತೆಗೀರಿ.